ಮೀನಚ್ಚಿನ ಕೆಳಗಿನ ಹೆಸರು

ಕಿನುಯೆ ಅಕ್ಕ ಆ ಮೀನನ್ನು ಹಿಡಿದದ್ದನ್ನು ಕಣ್ಣಾರೆ ಕಂಡವನು ನಾನೊಬ್ಬನೇ. ಅವಳ ಗಂಡ ಕುಸುನೊಸೆ ಆ ಹೊತ್ತಿನಲ್ಲಿ ಅವಳು ನಿಂತಿದ್ದ ಬಂಡೆಯ ಮರೆಯಲ್ಲಿ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ಗಾಳಗಾರರನ್ನು ಬೆಳಗಾಗುವಾಗ ದೋಣಿಯಲ್ಲಿ ಕೊಂಡೊಯ್ದು ಕಡಲ ನಡುವಿನ ಬಂಡೆಗಳ ಮೇಲೆ ಇಳಿಸುವುದು, ಮಧ್ಯಾಹ್ನ ಬುತ್ತಿ ಮುಟ್ಟಿಸುವುದು, ಸಂಜೆಗೆ ಮತ್ತೆ ಹತ್ತಿಸಿಕೊಂಡು ಬರುವುದು, ಇದು ಅಪ್ಪನ ಕಾಲದಿಂದ ನಮ್ಮ ಮನೆಯ ಕಸುಬು. ದೋಣಿ ನಡೆಸುವ ನನ್ನನ್ನು ಎಲ್ಲರೂ ಕರೆಯುತ್ತಿದ್ದದ್ದು ತಾಂಡೇಲ ಎಂದೇ. ತೋಸಾ ಸೀಮೆಯ ಪಡುವಣ ಕೊನೆಯಲ್ಲಿರುವ ನಮ್ಮ ಬಂದರಿಗೆ ಜನ ಅಷ್ಟು ದೂರದಿಂದ ಬರುತ್ತಿದ್ದದ್ದು ಒಂದೇ ಮೀನಿಗಾಗಿ. ಅದು ಇಶಿದಾಯಿ. ಗಿಳಿಯ ಕೊಕ್ಕಿನಂಥ ಬಾಯಿ, ಮೈಮೇಲೆ ಕಪ್ಪು ಪಟ್ಟೆ. ಶಂಖದ ಚಿಪ್ಪನ್ನು ಕಡಲೆಕಾಯಿ ಒಡೆದಂತೆ ಒಡೆದು ತಿನ್ನುತ್ತದೆ. ಗಾಳಕ್ಕೆ ಸಿಕ್ಕಿತೆಂದರೆ ಮೇಲೆ ಬರುವುದಿಲ್ಲ, ತಲೆ ಕೆಳಗೆ ಮಾಡಿ ಬಂಡೆಯ ಸಂದಿಗೇ ನುಗ್ಗುತ್ತದೆ. ಅಲ್ಲಿ ಹೊಕ್ಕಿತೋ, ಉಕ್ಕಿನ ತಂತಿಯೂ ನಿಲ್ಲುವುದಿಲ್ಲ. ಮುದಿಯಾದ ಗಂಡುಮೀನಿನ ಪಟ್ಟೆಗಳು ಮಾಸಿ, ಮೂತಿ ಮಾತ್ರ ಮಸಿ ಬಳಿದಂತೆ ಕಪ್ಪಾಗುತ್ತದೆ. ಅದಕ್ಕೆ ನಾವು ಕಪ್ಪುಬಾಯಿ ಎನ್ನುತ್ತೇವೆ. ಎಪ್ಪತ್ತು ಸೆಂಟಿಮೀಟರು ದಾಟಿದ ಒಂದು ಕಪ್ಪುಬಾಯಿಗಾಗಿ ಇಪ್ಪತ್ತೈದು ವರ್ಷ ನಮ್ಮ ದೋಣಿ ಹತ್ತಿ, ಕೊನೆಗೂ ಕಾಣದೆ ಸತ್ತವರಿದ್ದಾರೆ.

ಕುಸುನೊಸೆಗೆ ಪಟ್ಟಣದಲ್ಲಿ ಹೆಂಚಿನ ಮಂಡಿ ಇತ್ತು. ಗಾಳಗಾರರ ಸಂಘಕ್ಕೆ ಅವನೇ ಅಧ್ಯಕ್ಷ. ತಿಂಗಳಿಗೆ ಇಪ್ಪತ್ತು ಮೂವತ್ತು ಜನರನ್ನು ನನ್ನ ದೋಣಿಗೇ ಕರೆತರುತ್ತಿದ್ದ. ಬೇರೆ ಬಂದರಿನವರು ಎಷ್ಟು ಕರೆದರೂ ಹೋಗುತ್ತಿರಲಿಲ್ಲ. ಹೆಂಡತಿಯನ್ನು ಕರೆತರುತ್ತಿದ್ದವನು ಅವನೊಬ್ಬನೇ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳ ಕೆಲಸ ಎರೆ ಸಿದ್ಧ ಮಾಡುವುದು. ಇಶಿದಾಯಿಗೆ ನಾವು ಇಡುವ ಎರೆ ಮುಳ್ಳುಂಡೆ, ಕಡಲ ತಳದ ಬಂಡೆಗೆ ಅಂಟಿಕೊಂಡಿರುವ, ಮೈತುಂಬ ಗೇಣುದ್ದ ಕರಿ ಮುಳ್ಳಿರುವ ಜೀವಿ. ಕತ್ತರಿಯಿಂದ ಆ ಮುಳ್ಳನ್ನೆಲ್ಲ ಸವರಿ, ಕೆಳಗಿನ ಬಾಯಿಗೆ ಗಾಳ ಹೊಕ್ಕಿಸಿ ಕೊಡಬೇಕು. ಎಷ್ಟು ದಪ್ಪ ಕೈಚೀಲ ಹಾಕಿದರೂ ಮುಳ್ಳು ಒಳಗೆ ಇಳಿಯುತ್ತದೆ. ಕಿನುಯೆ ಅಕ್ಕನ ಬೆರಳ ತುದಿಗಳಲ್ಲಿ ನೇರಳೆ ಚುಕ್ಕೆಗಳು ಯಾವಾಗಲೂ ಇರುತ್ತಿದ್ದವು.

“ಏ, ಮುಳ್ಳುಂಡೆ!” ಎಂದು ಕುಸುನೊಸೆ ತಿರುಗದೆ ಕೈ ಹಿಂದಕ್ಕೆ ಚಾಚುತ್ತಿದ್ದ. ಅವಳು ಕೊಡುತ್ತಿದ್ದಳು.

“ನಿಮಗೇನ್ ಬಿಡಿ ಅಧ್ಯಕ್ಷರೇ, ಮೂರನೇ ಕೈಯನ್ನೇ ಮದುವೆ ಆಗಿದ್ದೀರಿ,” ಎಂದು ಸಂಘದವರು ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಹದಿನೆಂಟು ವರ್ಷ ಹಾಗೇ ಕೂತು ಅವಳು ಏನನ್ನೆಲ್ಲ ನೋಡಿ ಕಲಿತಿದ್ದಳೆಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಎಂಬತ್ತನಾಲ್ಕರ ಮೇ ತಿಂಗಳ ಆ ದಿನ ನಾನು ಬುತ್ತಿ ಹಂಚುತ್ತ ಬೋಳುಸನ್ಯಾಸಿ ಬಂಡೆಯ ಕಡೆ ತಿರುಗಿದಾಗ, ಬಂಡೆಯ ತುದಿಯಲ್ಲಿ ನಿಂತಿದ್ದವಳು ಅಕ್ಕ. ಕೋಲಿನ ಬುಡ ಅವಳ ಕಿಬ್ಬೊಟ್ಟೆಗೆ ಒತ್ತಿತ್ತು, ತುದಿ ನೀರೊಳಗೆ ಮುಳುಗಿತ್ತು. ನಾನು ಇಂಜಿನ್ ಸಣ್ಣ ಮಾಡಿ ಅಲ್ಲೇ ನಿಂತೆ. ಹತ್ತಿರ ಹೋದರೆ ಮೀನು ಬೆದರುತ್ತದೆ. ಅವಳು ಒಂದು ಕಾಲು ಮುಂದಿಟ್ಟು ಬಂಡೆಯ ಬಿರುಕಿಗೆ ಹಿಮ್ಮಡಿ ಕಚ್ಚಿಸಿದ್ದಳು. ಮೀನು ಎಳೆದಾಗ ಮಂಡಿ ಬಗ್ಗಿಸಿ ಒಂದು ಗೇಣೂ ಕೊಡದೆ ತಡೆಯುತ್ತಿದ್ದಳು, ಅದು ಉಸಿರು ತೆಗೆದುಕೊಂಡ ಕ್ಷಣದಲ್ಲಿ ಸೊಂಟದಿಂದ ಎತ್ತುತ್ತಿದ್ದಳು. ಗಂಡಸರು ತೋಳಿನಿಂದ ಎಳೆದು ಸೋಲುತ್ತಾರೆ. ಅವಳ ತೋಳು ನೆಟ್ಟಗೆ, ಹಗ್ಗದ ಹಾಗಿತ್ತು.

ಅವಳ ಕೂಗಿಗೆ ಕುಸುನೊಸೆ ಎದ್ದು ಓಡಿಬಂದ. ಕೋಲಿಗೆ ಕೈ ಹಾಕಿದ.

“ಮುಟ್ಬೇಡಿ!” ಎಂದಳು ಅಕ್ಕ. ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. “ಕೊಕ್ಕೆ ತಗೊಳ್ಳಿ. ಕೊಕ್ಕೆ!”

ಅವನು ಕೊಕ್ಕೆ ಹಿಡಿದು ಕಾದ. ನೀರಿನ ಮೇಲೆ ಮೊದಲು ಕಂಡದ್ದು ಬೂದು ಬಣ್ಣದ, ಪಟ್ಟೆಯೇ ಇಲ್ಲದ ಬೆನ್ನು. ಕುಸುನೊಸೆ ಕೊಕ್ಕೆ ಹಾಕಿ ಮೇಲೆಳೆದ. ಮೀನು ಬಂಡೆಗೆ ಬಿದ್ದ ಸದ್ದು ನನ್ನ ದೋಣಿಗೆ ಕೇಳಿಸಿತು. ನಾನು ಟೋಪಿ ತೆಗೆದು ತಲೆಯ ಮೇಲೆ ಬೀಸಿದೆ, ಹುಚ್ಚನ ಹಾಗೆ ಕೂಗಿದೆ. ಅಕ್ಕ ಮಂಡಿಯೂರಿ ಕೂತಿದ್ದವಳು ತಲೆಯೆತ್ತಿ ನನ್ನನ್ನು ನೋಡಿ ಒಂದು ಕೈ ಎತ್ತಿದಳು.

ಸಂಜೆ ಬಂದರಿನಲ್ಲಿ ಅಳೆದೆವು. ಎಪ್ಪತ್ತೆಂಟು ಸೆಂಟಿಮೀಟರು, ಎಂಟು ಕಿಲೋ ಒಂಬೈನೂರು ಗ್ರಾಮು. ಸಂಘದವರೆಲ್ಲ ಮುತ್ತಿಕೊಂಡರು. “ಯಾರು? ಯಾರು ಹಿಡಿದದ್ದು?” ಎಂದು ಒಬ್ಬ ಕೇಳಿದ.

ಕುಸುನೊಸೆ ಬೆವರು ಒರೆಸಿಕೊಂಡು ಹೇಳಿದ: “ಇಪ್ಪತ್ತಾರು ವರ್ಷ ಕಣ್ರಯ್ಯಾ. ಇಪ್ಪತ್ತಾರು ವರ್ಷ ಕಾದಿದ್ದೀನಿ ಇದಕ್ಕೆ.”

ಅಷ್ಟೇ. ಸುಳ್ಳು ಅನ್ನುವಂಥ ಮಾತೇ ಅಲ್ಲ ಅದು. ಚಪ್ಪಾಳೆ ಬಿತ್ತು, ಒಬ್ಬ ಸಾಕೆ ಮದ್ಯದ ಬಾಟಲಿ ತೆರೆದ. ಅಕ್ಕ ಅಳತೆಪಟ್ಟಿ ಹಿಡಿದುಕೊಂಡು ಮೀನಿನ ಬಾಲದ ಕಡೆ ಕೂತಿದ್ದಳು.

ದೊಡ್ಡ ಮೀನಿಗೆ ಅಚ್ಚು ತೆಗೆಯುವುದು ವಾಡಿಕೆ. ಮೀನಿನ ಮೈಗೆ ಮಸಿ ಹಚ್ಚಿ, ಅಕ್ಕಿಕಾಗದ ಒತ್ತಿ ಎತ್ತಿದರೆ ಒಂದೊಂದು ಹುರುಪೆಯೂ ಮೂಡುತ್ತದೆ. ಪಕ್ಕದಲ್ಲಿ ಅಳತೆ, ತೂಕ, ದಿನ, ಬಂಡೆಯ ಹೆಸರು. ಕೆಳಗೆ ಹಿಡಿದವರ ಹೆಸರು, ಕಣ್ಣಾರೆ ಕಂಡವರ ಹೆಸರು. ಇವೆರಡು ಇಲ್ಲದ ಅಚ್ಚಿಗೆ ಬೆಲೆಯಿಲ್ಲ. ಕುಸುನೊಸೆ ನನ್ನ ಮನೆಯ ಜಗಲಿಯಲ್ಲೇ ಕಾಗದ ಹಾಸಿ, ಕುಂಚದಿಂದ ತನ್ನ ಹೆಸರು ಬರೆದ. ಕುಂಚವನ್ನು ನನ್ನ ಕಡೆ ಚಾಚಿದ.

“ಹಾಕು ತಾಂಡೇಲ. ನೀನೇ ತಾನೇ ನೋಡ್ದೋನು.”

“ಯಜಮಾನರೇ,” ಎಂದೆ ನಾನು, ಸಣ್ಣ ದನಿಯಲ್ಲಿ. “ನಾನು ನೋಡಿದ್ದು...”

“ಕೋಲು ಯಾರ್ದು?” ಅವನು ನಗುತ್ತಲೇ ಕೇಳಿದ. “ರೀಲು ಯಾರ್ದು? ಆ ಜಾಗ ಹುಡುಕಿದ್ದು ಯಾರು? ಕೊಕ್ಕೆ ಹಾಕ್ದೋನು ಯಾರು? ನಾನು ಕಣ್ಣು ಮುಚ್ಚಿದ್ದು ಹತ್ತು ನಿಮಿಷ ಮಾರಾಯ. ಅವಳು ಹಿಡ್ಕೊಂಡಿದ್ಲು, ಅಷ್ಟೇ. ಕೇಳು ಬೇಕಾದ್ರೆ ಅವಳನ್ನೇ. ಏ, ಬೇಜಾರಾ ನಿಂಗೆ?”

ಅಕ್ಕ ಬಾವಿಕಟ್ಟೆಯ ಹತ್ತಿರ ಕೈಯ ಮಸಿ ತೊಳೆಯುತ್ತಿದ್ದಳು. “ನನ್ ಹೆಸರು ತಗೊಂಡು ಯಾರಿಗೇನು,” ಎಂದಳು. ಹೇಳಿ ನನ್ನ ಕಡೆ ನೋಡಿದಳು. ಗಂಡನ ಕಡೆ ಅಲ್ಲ, ನನ್ನ ಕಡೆ. ಕುಂಚ ನನ್ನ ಕೈಯಲ್ಲಿತ್ತು. ಮುಂದಿನ ವಾರ ಸಂಘದ ಸ್ಪರ್ಧೆ, ನಲವತ್ತು ಜನ ಬರುವವರಿದ್ದರು. ಸಾಲ ಮಾಡಿ ದೋಣಿಗೆ ಹೊಸ ಇಂಜಿನ್ ಹಾಕಿಸಿ ಆರು ತಿಂಗಳಾಗಿತ್ತು. ಇವೆಲ್ಲ ನೆನಪಿಗೆ ಬಂದವೆಂದು ಈಗ ಹೇಳಿಕೊಳ್ಳುತ್ತೇನೆ. ನಿಜವಾಗಿ ಆಗ ಏನೂ ಯೋಚಿಸಲಿಲ್ಲ. ಎದುರಿಗೆ ಕೂತವನು ನಗುತ್ತಿದ್ದ, ನಾನೂ ನಕ್ಕೆ. ‘ಕಂಡವರು: ನಿಶಿಮೊರಿ’ ಎಂದು ನನ್ನ ಹೆಸರು ಬರೆದೆ.

ಎರಡು ವಾರ ಬಿಟ್ಟು ಗಾಳದ ಪತ್ರಿಕೆಯವರು ಕುಸುನೊಸೆಯ ಮನೆಗೆ ಬಂದರು. ಸಾಕ್ಷಿಯೆಂದು ನನ್ನನ್ನೂ ಕರೆದಿದ್ದರು. ಗೋಡೆಯ ಮೇಲೆ ಮೀನಚ್ಚು ಕಟ್ಟು ಹಾಕಿಸಿಕೊಂಡು ಕೂತಿತ್ತು. ಕುಸುನೊಸೆ ವರ್ಣಿಸತೊಡಗಿದ. ಮೊದಲು ಬಾಗಿಲು ತಟ್ಟಿದ ಹಾಗೆ ಕುಟುಕಿತು, ಆಮೇಲೆ ಸುಮ್ಮನಾಯಿತು, ಮತ್ತೆ ತುದಿ ಮೆಲ್ಲಗೆ ಬಗ್ಗತೊಡಗಿತು, ಆಗಲೂ ಎಳೆಯದೆ ಕಾದೆ ಎಂದ. ಅಷ್ಟೂ ಅಕ್ಕ ಅವನಿಗೆ ಹೇಳಿದ್ದ ಮಾತು. ವಾಪಸ್ಸು ಬರುವಾಗ ದೋಣಿಯಲ್ಲಿ ಅವಳು ಹೇಳಿದ್ದನ್ನು ನಾನೂ ಕೇಳಿಸಿಕೊಂಡಿದ್ದೆ.

“ಎಷ್ಟು ಸಲ ಕುಟುಕಿತು?” ಪತ್ರಿಕೆಯವನು ಕೇಳಿದ.

“ಎರಡು ಸಲ.”

“ಮೂರು,” ಎಂದಳು ಅಕ್ಕ, ಚಹದ ತಟ್ಟೆ ಇಡುತ್ತ.

ಕುಸುನೊಸೆಯ ಕಿವಿ ಕೆಂಪಾಯಿತು. “ನಮ್ಮೋಳು ಹಿಂದೆ ಕೂತು ಲೆಕ್ಕ ಹಾಕ್ತಿರ್ತಾಳೆ,” ಎಂದು ನಕ್ಕ. ಪತ್ರಿಕೆಯವರೂ ನಕ್ಕರು. ಮೂರು ಎಂದೇ ಬರೆದುಕೊಂಡರು.

ಆಮೇಲೆ ಅಕ್ಕ ಬಂಡೆಗೆ ಬರುವುದನ್ನು ನಿಲ್ಲಿಸಿದಳು. ಜಗಳವಾಡಲಿಲ್ಲವಂತೆ. ಒಂದು ಬೆಳಗ್ಗೆ ಅವನು ಹೊರಟು ನಿಂತಾಗ, “ಮುಳ್ಳುಂಡೆ ನೀವೇ ಸವರ್ಕೊಳ್ಳಿ,” ಎಂದಳಂತೆ. ಅವನೇ ನನಗೆ ಹೇಳಿದ್ದು, ದೊಡ್ಡ ತಮಾಷೆ ಎಂಬಂತೆ. ಆದರೆ ಅವನಿಗೆ ಮೀನೇ ಬೀಳದಂತಾಯಿತು. ಒಂದು ವರ್ಷ, ಎರಡು ವರ್ಷ. ಐವತ್ತು ಸೆಂಟಿಮೀಟರಿನದೂ ಇಲ್ಲ. ಹೊಸಬರು ಬಂದು, “ಅಧ್ಯಕ್ಷರೇ, ಹೇಗೆ ಕಾಯ್ಬೇಕು, ಒಂಚೂರು ತೋರ್ಸಿ,” ಎಂದಾಗ ಅವನು ತೋರಿಸುತ್ತಿದ್ದ. ಗಡಿಬಿಡಿಯಲ್ಲಿ ಎಳೆದು ಬರಿಗಾಳ ಎತ್ತುತ್ತಿದ್ದ. ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲಿ ಬಂದು ಕೂತಿತು. ಒಬ್ಬನೇ ಬರತೊಡಗಿದ, ಬೇರೆ ಯಾರೂ ಬಾರದ ಹವೆಯಲ್ಲಿ.

ಎಂಬತ್ತಾರರ ಅಕ್ಟೋಬರಿನಲ್ಲಿ ದಕ್ಷಿಣಕ್ಕೆ ಬಹು ದೂರದಲ್ಲಿ ತುಫಾನು ಎದ್ದಿತ್ತು. ಬಂದರಿನಲ್ಲಿ ಗಾಳಿಯೇ ಇರಲಿಲ್ಲ. ಆದರೆ ಅಂಥ ದಿನವೇ ಉದ್ದನೆಯ ಅಲೆ ಬರುವುದು, ಸದ್ದಿಲ್ಲದೆ, ಬೆನ್ನು ಉಬ್ಬಿಸಿಕೊಂಡು.

“ಇವತ್ತು ಬೇಡ ಯಜಮಾನರೇ.”

“ಎರಡು ಗಂಟೆ. ಎರಡೇ ಗಂಟೆ ಸಾಕು. ನಿಮ್ಮಪ್ಪ ಆಗಿದ್ರೆ ಬಾಯಿ ಮುಚ್ಕೊಂಡು ಇಳಿಸ್ತಿದ್ದ.”

ಇಳಿಸಿದೆ. ಎರಡನೆಯ ಸಲವೂ ಅವನ ಮಾತಿಗೆ ಬಗ್ಗಿದೆ.

ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ಹೊರಗಿನ ಬಂಡೆಗಳು ನೊರೆಯಿಂದ ಬೆಳ್ಳಗಾದವು. ಭಾವಮೈದುನ ಶಿಗೆಹಾರುವನ್ನು ಕರೆದುಕೊಂಡು ಧಾವಿಸಿದೆ. ದೋಣಿಯ ಮೂತಿಯನ್ನು ಬೋಳುಸನ್ಯಾಸಿಗೆ ಒತ್ತಬೇಕು, ಗಾಳಗಾರ ಹಾರಿ ಹತ್ತಬೇಕು. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಅಷ್ಟೇ ಸಮಯ. ನೋಡಿದರೆ ಕುಸುನೊಸೆಯ ಕೋಲು ಬಿಲ್ಲಾಗಿತ್ತು.

“ಬಿಟ್ಬನ್ನಿ! ಬನ್ನಿ ಈಗ್ಲೇ!” ಶಿಗೆಹಾರು ಕಿರುಚಿದ.

“ಎಂಬತ್ತಿದೆ! ಎಂಬತ್ತು ಕಣೋ!”

“ಹಗ್ಗ ಕಟ್ಟಿದೆಯಲ್ಲ, ಕೋಲು ಎಲ್ಲೂ ಹೋಗಲ್ಲ! ಬಿಡಿ!”

ಕುಸುನೊಸೆ ನನ್ನ ಕಡೆ ತಿರುಗಿದ. ಅವನ ಮುಖ ನೀರಿನಲ್ಲಿ ತೊಯ್ದು ಮಗುವಿನದರಂತೆ ಕಾಣುತ್ತಿತ್ತು. “ಇದು ನಂದು!” ಎಂದು ಕೂಗಿದ. “ಇದಾದ್ರೂ ನಂದು!”

ಅಲೆ ಅವನ ಬೆನ್ನ ಹಿಂದಿನಿಂದ ಬಂತು. ನೀರು ಇಳಿದಾಗ ಬಂಡೆಯ ಮೇಲೆ ಅವನಿರಲಿಲ್ಲ. ಎರಡನೆಯ ಅಲೆ ಅವನನ್ನು ಎತ್ತಿ ಬಂಡೆಯ ಮಗ್ಗುಲಿಗೆ ಬಡಿದದ್ದನ್ನು ಕಂಡೆವು. ತೇಲುವ ಅಂಗಿಯ ಪಟ್ಟಿಗೆ ಶಿಗೆಹಾರು ಕೊಕ್ಕೆ ಹಾಕಿ ಎಳೆದುಕೊಂಡ. ಜೀವ ಉಳಿಯಿತು. ಸೊಂಟ ಉಳಿಯಲಿಲ್ಲ.

ಕಡಲು ಇಳಿಯಲು ಮೂರು ದಿನ ಬೇಕಾಯಿತು. ನಾನೊಬ್ಬನೇ ಹೋದೆ. ಬಂಡೆಗೆ ಬಡಿದ ಕಬ್ಬಿಣದ ಗೂಟಕ್ಕೆ ಹಗ್ಗದಿಂದ ಕಟ್ಟಿದ್ದ ಕೋಲು ಮುರಿದು ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ತಂತಿ ಹರಿದಿರಲಿಲ್ಲ. ಎಳೆದೆ, ಮೇಲೆ ಬಂತು. ಮೈಯನ್ನೆಲ್ಲ ಏಡಿಗಳು ತಿಂದಿದ್ದವು, ಗಾಳ ಕಚ್ಚಿದ ತಲೆ ಮಾತ್ರ ಉಳಿದಿತ್ತು. ಹಣೆಯ ಮೇಲೆ ಬುಗುಟೆದ್ದ ದೊಡ್ಡ ತಲೆ. ಬುಗುಟುತಲೆ ಎನ್ನುವ ಆ ಮೀನು ಗಾಳಕ್ಕೆ ಬಿದ್ದರೆ ಗಾಳಗಾರರು ಬೈದು ನೀರಿಗೇ ಎಸೆಯುತ್ತಾರೆ. ಭಾರಕ್ಕೇನೂ ಕಡಿಮೆಯಿಲ್ಲ, ಕೋಲನ್ನು ಚೆನ್ನಾಗಿ ಬಗ್ಗಿಸುತ್ತದೆ. ನಾನೂ ಬಿಡಿಸಿ ನೀರಿಗೆ ಎಸೆದೆ.

ಆಸ್ಪತ್ರೆಯಲ್ಲಿ ಕುಸುನೊಸೆ ಎದೆಯಿಂದ ಕೆಳಕ್ಕೆ ಪ್ಲಾಸ್ಟರಿನೊಳಗೆ ಮಲಗಿದ್ದ. ಅಕ್ಕ ಪಕ್ಕದ ಕುರ್ಚಿಯಲ್ಲಿ ಮರಸೇಬಿನ ಸಿಪ್ಪೆ ತೆಗೆಯುತ್ತಿದ್ದಳು. ಬೆರಳುಗಳಲ್ಲಿ ಚುಕ್ಕೆ ಉಳಿದಿರಲಿಲ್ಲ.

“ಕೋಲು ಸಿಕ್ತಾ?” ಎಂದ ಅವನು.

“ಸಿಕ್ತು. ಮುರಿದಿದೆ.”

“ಮೀನು?”

ಅಕ್ಕನ ಚಾಕು ನಿಂತಿತು.

“ತಂತಿ ಕಡಿದಿತ್ತು,” ಎಂದೆ. “ಏನಿತ್ತೋ ಗೊತ್ತಾಗ್ಲಿಲ್ಲ.”

“ಕಪ್ಪುಬಾಯಿ. ಎಂಬತ್ತರ ಮೇಲೆ. ಕೋಲು ಹೆಂಗ್ ಬಗ್ಗಿತ್ತು ಅಂತ ನೀನೇ ನೋಡ್ದೆಯಲ್ಲ? ನೋಡ್ದೆ ತಾನೇ?”

“ನೋಡ್ದೆ.”

ಅವನು ಕಣ್ಣು ಮುಚ್ಚಿದ. ತುಟಿಯ ಮೇಲೆ ಸಣ್ಣ ನಗು ಬಂತು. ನಾನು ಹೊರಟೆ. ಪಡಸಾಲೆಯ ತಿರುವಿನಲ್ಲಿ ಅಕ್ಕ ಹಿಂದಿನಿಂದ ಬಂದಳು.

“ಏನಿತ್ತು ಗಾಳದಲ್ಲಿ?”

ಅವಳಿಗೆ ಸುಳ್ಳು ಹೇಳಲಾಗಲಿಲ್ಲ. “ಬುಗುಟುತಲೆ.”

ನಗುತ್ತಾಳೇನೋ ಅಂದುಕೊಂಡೆ. ನಗಲಿಲ್ಲ. “ಅವರಿಗೆ ಹೇಳ್ಲಿಲ್ಲ ನೀವು.”

“ಹೆಂಗೆ ಹೇಳ್ಲಿ ಅಕ್ಕ? ಆ ಸ್ಥಿತೀಲಿ...”

“ಹೌದೌದು. ನಿಮಗೆ ಯಾವಾಗ್ಲೂ ಅವರ ಸ್ಥಿತಿ ಕಾಣುತ್ತೆ.”

ಎರಡು ವರ್ಷ ಹೇಳದೇ ಉಳಿದದ್ದನ್ನು ಆಗ ಹೇಳಿದೆ. ತಪ್ಪಾಯಿತು ಎಂದೆ. ಪತ್ರಿಕೆಯವರಿಗೆ ಇವತ್ತೇ ಬರೆಯುತ್ತೇನೆ, ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಸಂಘದವರ ಮುಂದೆಯೂ ಹೇಳುತ್ತೇನೆ ಎಂದೆ.

“ಇವತ್ತಾ?” ಎಂದಳು ಅಕ್ಕ. ದನಿ ಏರಲಿಲ್ಲ. “ಸೊಂಟ ಮುರ್ಕೊಂಡು ಬಿದ್ದಿರೋ ಇವತ್ತಾ? ಗಂಡ ಹಾಸಿಗೆ ಹಿಡಿದಾಗ ಮೀನಿಗೆ ಜಗಳ ತೆಗೆದೋಳು ಅಂತ ಊರಲ್ಲಿ ನಂಗೆ ಹೆಸರು ಬರ್ಬೇಕಾ? ಅವತ್ತು ಬರೀದೇ ಇದ್ದಿದ್ರೆ ಸಾಕಿತ್ತು ತಾಂಡೇಲರೇ. ನನ್ ಹೆಸರು ಬರೀರಿ ಅಂತ ನಾನೇನು ಕೇಳ್ತಿರ್ಲಿಲ್ಲ. ಕುಂಚ ಕೆಳಗಿಟ್ಟು ಸುಮ್ನೆ ಎದ್ದು ಹೋಗಿದ್ರೆ ಸಾಕಿತ್ತು.”

ನಾನು ಟೋಪಿಯನ್ನು ಕೈಯಲ್ಲಿ ಹಿಂಡುತ್ತ ನಿಂತೆ.

“ಅವರ ಬುದ್ಧಿ ನಂಗೆ ಮದ್ವೆಯಾದ ವಾರದಲ್ಲೇ ಗೊತ್ತಾಗಿತ್ತು,” ಎಂದಳು. “ಅವರು ಹಂಗೇ. ಅದಕ್ಕೆ ನಾನು ಅತ್ತೂ ಇಲ್ಲ. ಆದ್ರೆ ಅವತ್ತು ಇಂಜಿನ್ ಸಣ್ಣ ಮಾಡಿ ನಿಂತ್ರಲ್ಲ ನೀವು. ಟೋಪಿ ತೆಗೆದು ಬೀಸಿದ್ರಲ್ಲ. ಆಗ ಅಂದ್ಕೊಂಡೆ, ಬೇರೆ ಯಾರೂ ಬೇಡ, ಒಬ್ರು ನೋಡಿದ್ರು, ಸಾಕು ಅಂತ. ಆ ಒಬ್ರೂ ಇಲ್ದಂಗೆ ಮಾಡಿದ್ರಿ.”

ಒಳಗಿನಿಂದ “ಏ, ಎಲ್ಲೋದೆ?” ಎಂಬ ಕೂಗು ಬಂತು. ಅವಳು ತನ್ನ ಅಡುಗೆ ಮೇಲಂಗಿಗೆ ಕೈ ಒರೆಸಿಕೊಂಡು ಹೋದಳು.

ಕುಸುನೊಸೆ ಮತ್ತೆ ಬಂಡೆ ಹತ್ತಲಿಲ್ಲ. ಊರುಗೋಲು ಹಿಡಿದು ಹೆಂಚಿನ ಮಂಡಿಯಲ್ಲಿ ಕೂರುತ್ತಿದ್ದ. ತಪ್ಪಿಹೋದ ಎಂಬತ್ತು ಸೆಂಟಿಮೀಟರಿನ ಮೀನಿನ ಕಥೆಯನ್ನು ಹೆಂಚು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದನಂತೆ. ಕೇಳಿದವರು ನನ್ನನ್ನು ಕಂಡಾಗ, “ಹೌದಾ ತಾಂಡೇಲ, ಅಷ್ಟು ದೊಡ್ಡದಿತ್ತಾ?” ಎನ್ನುತ್ತಿದ್ದರು. ನಾನು ಹ್ಞೂಂ ಎನ್ನುತ್ತಿದ್ದೆ. ಹೊಸ ಅಧ್ಯಕ್ಷ ಬಂದ ಮೇಲೆ ಸಂಘ ಬೇರೆ ಬಂದರಿಗೆ ಹೋಯಿತು. ಯಾರಿಗಾಗಿ ಕುಂಚ ಎತ್ತಿದ್ದೆನೋ ಅವರಲ್ಲಿ ಒಬ್ಬನೂ ಉಳಿಯಲಿಲ್ಲ.

ಅಕ್ಕ ಗಾಳ ಹಿಡಿದಳು. ಮಂಡಿಯ ವ್ಯವಹಾರ ತಾನೇ ನೋಡಿಕೊಂಡು, ತಿಂಗಳಿಗೆರಡು ದಿನ ಬಿಡುವು ಮಾಡಿಕೊಂಡು, ತನ್ನದೇ ಕೋಲು ಕೊಂಡು, ಗುಡ್ಡದಾಚೆಯ ಬಂದರಿನ ಒಕಾಬಯಾಶಿಯ ದೋಣಿ ಹತ್ತತೊಡಗಿದಳು. ಅವಳಿಗೆ ನಮ್ಮ ಬಂದರೇ ಹತ್ತಿರ. ಅರ್ಧ ಗಂಟೆಯ ದಾರಿ ಹೆಚ್ಚಾದರೂ ಅಲ್ಲಿಗೇ ಹೋಗುತ್ತಿದ್ದಳು. ಅರವತ್ತು ಸೆಂಟಿಮೀಟರು ದಾಟಿದವು ನಾಲ್ಕು ಬಿದ್ದಿವೆಯಂತೆ. ಅಚ್ಚು ತೆಗೆಯೋಣ ಎಂದರೆ ಬೇಡವೆನ್ನುತ್ತಾಳೆ, ಅಲ್ಲೇ ಕೊಯ್ದು ದೋಣಿಯವರಿಗೆಲ್ಲ ಹಂಚಿಬಿಡುತ್ತಾಳೆ ಎಂದು ಒಕಾಬಯಾಶಿ ಹೇಳುತ್ತಿದ್ದ.

ಎಂಬತ್ತೊಂಬತ್ತರ ಚಳಿಗಾಲದ ಕೊನೆಯಲ್ಲಿ ಒಂದು ಮಧ್ಯಾಹ್ನ ಒಕಾಬಯಾಶಿಯ ಇಂಜಿನ್ ಕೆಟ್ಟಿತು. ಪಡುವಣ ಗಾಳಿ ಏಳುತ್ತಿತ್ತು. ನಮ್ಮ ಜನ ಬಂಡೆಗಳ ಮೇಲಿದ್ದಾರೆ, ಎತ್ತಿಕೊಂಡು ಬಾ ಎಂದು ರೇಡಿಯೋದಲ್ಲಿ ಕೇಳಿಕೊಂಡ. ಎರಡು ಬಂಡೆಗಳಿಂದ ಐದು ಜನರನ್ನು ಎತ್ತಿಕೊಂಡೆ. ಮೂರನೆಯದರ ಮೇಲೆ ಅಕ್ಕ ಒಬ್ಬಳೇ ಇದ್ದಳು. ಸಾಮಾನೆಲ್ಲ ಕಟ್ಟಿಕೊಂಡು, ಕೋಲನ್ನು ಚೀಲಕ್ಕೆ ಹಾಕಿಕೊಂಡು, ಅಲೆಯನ್ನು ಲೆಕ್ಕ ಹಾಕುತ್ತ ನಿಂತಿದ್ದಳು. ಕೂದಲು ಪೂರ್ತಿ ನರೆತಿತ್ತು. ಬಂದ ದೋಣಿ ಯಾರದೆಂದು ಕಂಡಾಗ ಒಂದು ಅಲೆಯಷ್ಟು ಹೊತ್ತು ಹಾಗೇ ನೋಡಿದಳು.

ಚುಕ್ಕಾಣಿಯನ್ನು ಶಿಗೆಹಾರುವಿಗೆ ಕೊಟ್ಟು ನಾನೇ ಮೂತಿಗೆ ಹೋಗಿ ಕೈ ಚಾಚಿದೆ. ಅವಳು ಮೊದಲು ಚೀಲ ಎಸೆದಳು, ಆಮೇಲೆ ಕೋಲು. ನೀರು ದೋಣಿಯನ್ನು ಎತ್ತಿದ ಸರಿಯಾದ ಕ್ಷಣದಲ್ಲಿ ಹಾರಿ, ನನ್ನ ಕೈ ಹಿಡಿಯದೆ ಕಂಬಿ ಹಿಡಿದು ಇಳಿದಳು.

“ಬಿತ್ತಾ ಅಕ್ಕ, ಇವತ್ತು?” ಎಂದೆ.

“ಇಲ್ಲ, ಇವತ್ತಿಲ್ಲ,” ಎಂದು ಹಿಂಬದಿಗೆ ಹೋಗಿ, ಉಳಿದ ಗಾಳಗಾರರ ಜೊತೆ ಕೂತಳು. ದಾರಿಯುದ್ದಕ್ಕೂ ಅವರಲ್ಲೊಬ್ಬ ಏನೋ ತಮಾಷೆ ಹೇಳುತ್ತಿದ್ದ, ಅವಳು ಬಾಯಿತುಂಬ ನಗುತ್ತಿದ್ದಳು. ಅವಳ ಆ ನಗು ನನಗೆ ಇಂಜಿನ್ ಸದ್ದಿನ ನಡುವೆಯೂ ಕೇಳುತ್ತಿತ್ತು.

ಕಟ್ಟೆಗೆ ಇಳಿದ ಮೇಲೆ ಎಲ್ಲರೂ ಸಾಲಾಗಿ ನಿಂತು ತಲೆಬಾಗಿದರು. ಅವಳೂ ಅವರೊಡನೆ ನಿಂತು, ಅವರು ಬಾಗಿದಷ್ಟೇ ಬಾಗಿದಳು.

“ಗುರುತಿಲ್ಲದ ನಮಗೋಸ್ಕರ ಇಷ್ಟು ತೊಂದರೆ ತಗೊಂಡ್ರಿ,” ಎಂದಳು. “ತುಂಬಾ ಉಪಕಾರವಾಯ್ತು.”